ಸ್ಟ್ರೋಕ್ ನಂತರದ ಸುಸ್ತಿಗೆ ಚೀನೀ ಕಷಾಯ ಕೊಡಬಹುದೇ?

ಪ್ರಶ್ನೆ: ಅಪ್ಪನಿಗೆ 66 ವರ್ಷ. ನಾಲ್ಕು ತಿಂಗಳ ಹಿಂದೆ ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿ ಸ್ಟ್ರೋಕ್ ಆಯಿತು. ಕೈಕಾಲು ಬಹುಪಾಲು ಸರಿಹೋಗಿದೆ, ಆದರೆ ಸ್ನಾನ ಮಾಡಿ ಬಂದರೆ ಎರಡು ಗಂಟೆ ಮಲಗಿಬಿಡುತ್ತಾರೆ. ಕ್ಲೋಪಿಡೋಗ್ರೆಲ್ (ರಕ್ತ ಹೆಪ್ಪುಗಟ್ಟದಂತೆ), ಅಟೊರ್ವಾಸ್ಟಾಟಿನ್ (ಕೊಲೆಸ್ಟರಾಲಿಗೆ), ಮೆಟೊಪ್ರೊಲಾಲ್ (ಬಿಪಿಗೆ) ನಡೀತಿವೆ. ನಾವಿರುವುದು ಸಿಂಗಪುರದಲ್ಲಿ. ಇಲ್ಲಿನ ಚೀನೀ ಔಷಧ ಅಂಗಡಿಯಲ್ಲಿ 'ಬುಯಾಂಗ್ ಹುವಾನ್‌ವು ತಾಂಗ್' ಕೊಡಿ ಅಂದರು. ತಿಳಿದವರು ಹೇಳಿ.

ಉತ್ತರ: ಕಷಾಯಕ್ಕೆ ಮುಂಚೆ ರಕ್ತ ಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್, ಥೈರಾಯ್ಡ್, ಬಿ12, ಸೋಡಿಯಂ, ಸಕ್ಕರೆ. ಗೊರಕೆ ಜೋರಾಗಿದ್ದು ನಡುವೆ ಉಸಿರು ನಿಂತಂತಾದರೆ ನಿದ್ರೆಯ ಪರೀಕ್ಷೆಯೂ ಬೇಕು. ಮನಸ್ಸು ಕುಗ್ಗಿದೆಯೇ ಅಂತ ಕೇಳಿ ನೋಡಿ, ಖಿನ್ನತೆ ಎಷ್ಟೋ ಸಲ ಸುಸ್ತಿನ ರೂಪದಲ್ಲೇ ಬರುತ್ತದೆ. ಮೆಟೊಪ್ರೊಲಾಲ್‌ನಿಂದಲೂ ಸುಸ್ತು ಬರುತ್ತದೆ. ಅದನ್ನು ನೀವಾಗಿ ನಿಲ್ಲಿಸಬೇಡಿ, ಬದಲಿಸಬಹುದೇ ಅಂತ ಡಾಕ್ಟರನ್ನೇ ಕೇಳಿ. ಸ್ನಾನವನ್ನು ಕುರ್ಚಿಯ ಮೇಲೆ ಕೂರಿಸಿ ಮಾಡಿಸಿ, ವ್ಯಾಯಾಮ ಅದೇ ಹೊತ್ತಿನಲ್ಲಿ ಬೇಡ. ಪೂರ್ತಿ ದಣಿಯುವ ಮೊದಲೇ ಇಪ್ಪತ್ತು ನಿಮಿಷ ವಿಶ್ರಾಂತಿ ಕೊಟ್ಟರೆ ಎರಡು ಗಂಟೆಯ ನಿದ್ದೆ ಕಡಿಮೆಯಾಗುವುದುಂಟು.

ಉತ್ತರ: ಯೋಗದ ಬಗ್ಗೆ ಹೇಳುತ್ತೇನೆ, ಅಂದರೆ ಔಷಧದ ಕೂಟದ ಬಗ್ಗೆ. ಚೀನೀ ವೈದ್ಯ ವಾಂಗ್ ಚಿಂಗ್‌ರೆನ್ 1830ರಲ್ಲಿ ಬರೆದಿಟ್ಟದ್ದು ಈ ಬುಯಾಂಗ್ ಹುವಾನ್‌ವು ತಾಂಗ್, ಅರ್ಧಾಂಗ ವಾಯುವಿಗೆ. ದೇಹದ ಶಕ್ತಿ ಹತ್ತು ಪಾಲು, ಅದರಲ್ಲಿ ಐದು ಹೋಗಿದೆ, ಆ ಐದನ್ನು ಮರಳಿಸುವುದು ಎಂಬುದೇ ಹೆಸರಿನ ಅರ್ಥ. ಹುವಾಂಗ್‌ಚಿ ಬೇರು 120 ಗ್ರಾಂ, ದಾಂಗ್‌ಗುಯಿ ಬೇರಿನ ತುದಿ 6, ಕೆಂಪು ಪಿಯೋನಿ ಬೇರು ನಾಲ್ಕೂವರೆಯಿಂದ 6. ಚುವಾನ್‌ಶಿಯೋಂಗ್, ಪೀಚ್ ಓಟೆಯ ತಿರುಳು, ಕುಸುಬೆ ಹೂವಿನ ಎಸಳು, ಒಣಗಿಸಿದ ಎರೆಹುಳು ತಲಾ 3 ಗ್ರಾಂ. ನಮ್ಮ ಉತ್ತರ ಕರ್ನಾಟಕದ ಹೊಲದ ಕುಸುಬೆಯೇ ಅದು.

ಒಂದೇ ಬೇರು ಇಷ್ಟು ದೊಡ್ಡ ಪಾಲು ಇರುವುದಕ್ಕೆ ಕಾರಣವಿದೆ. ತಳ್ಳುವ ಬಲವಿಲ್ಲದೆ ರಕ್ತ ನಿಂತಿದೆ ಎಂಬುದು ವಾಂಗ್ ಅವರ ಎಣಿಕೆ. ಅದಕ್ಕೇ ಬಲ ಕೊಡುವ ಬೇರು ಹೆಚ್ಚು, ರಕ್ತ ಹರಿಸುವ ಉಳಿದವು ಚಿಟಿಕೆಯಷ್ಟು. ಹುವಾಂಗ್‌ಚಿಯನ್ನು 15 ಗ್ರಾಮಿಗೆ ಇಳಿಸಿ ಉಳಿದವನ್ನು 10 ಗ್ರಾಮಿಗೆ ಏರಿಸಿದ ಪೊಟ್ಟಣ ಕೊಟ್ಟರೆ ಹೆಸರು ಮಾತ್ರ ಅದು, ಯೋಗ ತಲೆಕೆಳಗಾಗಿದೆ. ವೈದ್ಯರು ಸಾಮಾನ್ಯವಾಗಿ ಹುವಾಂಗ್‌ಚಿಯನ್ನು 30–60 ಗ್ರಾಮಿನಿಂದ ಶುರುಮಾಡಿ ನಿಧಾನ ಏರಿಸುತ್ತಾರೆ. ಮುಖ ಕೆಂಪೇರಿ ಬಿಪಿ ಹತೋಟಿಯಲ್ಲಿಲ್ಲದವರಿಗೆ ಇದನ್ನು ಕೊಡುವುದಿಲ್ಲ.

ಕುದಿಸುವುದು ಮಣ್ಣಿನ ಇಲ್ಲವೇ ಸ್ಟೀಲ್ ಪಾತ್ರೆಯಲ್ಲಿ. ಕಬ್ಬಿಣ, ಅಲ್ಯೂಮಿನಿಯಂ ಬೇಡ. ಬೇರುಗಳ ಮೇಲೆ ಎರಡು ಬೆರಳು ನೀರು ನಿಲ್ಲುವಂತೆ ಅರ್ಧ ಗಂಟೆ ನೆನೆಸಿ. ಹುವಾಂಗ್‌ಚಿ ನೀರು ಹೀರುತ್ತದೆ, ನೆನೆದ ಮೇಲೆ ಇನ್ನೊಮ್ಮೆ ನೋಡಿ ನೀರು ಸೇರಿಸಿ. ಕುದಿ ಬಂದ ಮೇಲೆ ಸಣ್ಣ ಉರಿಯಲ್ಲಿ 30 ನಿಮಿಷ, ಸೋಸಿ. ಮತ್ತೆ ಬಿಸಿನೀರು ಹಾಕಿ 20 ನಿಮಿಷ, ಸೋಸಿ. ಎರಡನ್ನೂ ಬೆರೆಸಿ ಬೆಳಿಗ್ಗೆ ಸಂಜೆ ಊಟವಾದ ಮೇಲೆ ಬೆಚ್ಚಗೆ. ತಳ ಹಿಡಿದರೆ ಚೆಲ್ಲಿಬಿಡಿ, ನೀರು ಸೇರಿಸಿ ಸರಿಮಾಡಲು ಹೋಗಬೇಡಿ. ಪುಡಿಕಣದ ರೂಪದಲ್ಲಿ ಕೊಂಡರೆ ಅದು ಸಾಮಾನ್ಯವಾಗಿ ಐದು ಪಟ್ಟು ಸಾಂದ್ರ. 30 ಗ್ರಾಂ ಬೇರಿಗೆ 6 ಗ್ರಾಂ ಪುಡಿ. ಇಲ್ಲೇ ಲೆಕ್ಕ ತಪ್ಪುವುದು.

ಪ್ರಶ್ನೆ: ಎರೆಹುಳು! ನಾವು ಸಸ್ಯಾಹಾರಿಗಳು. ಬಿಟ್ಟು ಮಾಡಬಹುದೇ?

ಉತ್ತರ: ಬರೆದುಕೊಡುವ ವೈದ್ಯರಿಗೆ ಮೊದಲೇ ಹೇಳಿ, ತೆಗೆದು ಕೊಡುತ್ತಾರೆ. ಸಿದ್ಧ ಕ್ಯಾಪ್ಸೂಲ್‌ಗಳಲ್ಲೂ ನೋಡಿಕೊಳ್ಳಿ. ಸ್ಟ್ರೋಕ್ ಆದವರಿಗೆಂದು ಮಾರುವ ನ್ಯೂರೋಏಯ್ಡ್ ಕ್ಯಾಪ್ಸೂಲ್‌ನ ಹಳೆಯ ರೂಪದಲ್ಲಿ ಒಂಬತ್ತು ಸಸ್ಯ, ಐದು ಪ್ರಾಣಿಮೂಲ. ಜಿಗಣೆ, ಚೇಳು ಅದರಲ್ಲಿವೆ. ಎರಡನೆಯ ರೂಪದಲ್ಲಿ ಸಸ್ಯ ಮಾತ್ರ. ಹಳೆಯದನ್ನು 1100 ರೋಗಿಗಳ ಮೇಲೆ ನೋಡಿದ ಪ್ರಯೋಗ 2013ರಲ್ಲಿ ಬಂತು. ಮೂರು ತಿಂಗಳ ಚೇತರಿಕೆಯಲ್ಲಿ ಖಚಿತ ವ್ಯತ್ಯಾಸ ಸಿಗಲಿಲ್ಲ. ಸುಸ್ತಿಗೆಂದೇ ಹುವಾಂಗ್‌ಚಿ ಒಂದನ್ನೇ 28 ದಿನ ಕೊಟ್ಟು ನೋಡಿದ ತೈವಾನಿನ ಪ್ರಯೋಗದಲ್ಲಿ (2016) ಫಲ ಚೆನ್ನಾಗಿತ್ತು, ಆದರೆ ರೋಗಿಗಳ ಸಂಖ್ಯೆ ಅರವತ್ತರ ಆಸುಪಾಸಷ್ಟೇ. ಅಷ್ಟರಿಂದ ಭರವಸೆ ಕೊಡಲಾಗದು. 'ಆನ್‌ಗೋಂಗ್ ನ್ಯೂಹುವಾಂಗ್' ಗುಳಿಗೆ ಯಾರಾದರೂ ಕೊಟ್ಟರೆ ದಯವಿಟ್ಟು ಬೇಡ. ಅದು ಜ್ವರ ಏರಿ ಪ್ರಜ್ಞೆ ತಪ್ಪಿದವರಿಗೆ ಮಾಡಿದ್ದು. ಮೂಲ ಪಾಕದಲ್ಲಿ ಇಂಗಳೀಕ, ಮನಶ್ಶಿಲೆ ಇವೆ, ಅಂದರೆ ಪಾದರಸ ಮತ್ತು ಆರ್ಸೆನಿಕ್.

ಉತ್ತರ: ನನ್ನ ಭಯ ಕ್ಲೋಪಿಡೋಗ್ರೆಲ್ ಬಗ್ಗೆ. ದಾಂಗ್‌ಗುಯಿ, ಚುವಾನ್‌ಶಿಯೋಂಗ್, ಕುಸುಬೆ, ಎರೆಹುಳು ಎಲ್ಲವೂ ರಕ್ತ ಹರಿಯುವ ಕಡೆಗೇ ಎಳೆಯುವಂಥವು, ಮಾತ್ರೆಯ ಜೊತೆ ಸೇರಿದರೆ ರಕ್ತಸ್ರಾವದ ಅಪಾಯ. ಅದಕ್ಕೇ ನರರೋಗ ತಜ್ಞರ ಒಪ್ಪಿಗೆಯಿಲ್ಲದೆ ಒಂದು ಲೋಟವೂ ಬೇಡ. ರಕ್ತ ತೆಳುವಾಗಿಸುವ ವಾರ್ಫರಿನ್ ತೆಗೆದುಕೊಳ್ಳುವವರಂತೂ ಈ ಕಷಾಯದ ಹತ್ತಿರ ಹೋಗಬಾರದು. ವಾರ್ಫರಿನ್ ಜೊತೆಗೆ ದಾಂಗ್‌ಗುಯಿ ಅಥವಾ ದಾನ್‌ಶೆನ್ ಎಂಬ ಇನ್ನೊಂದು ಚೀನೀ ಬೇರು ಸೇರಿ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಎಂಬ ಅಳತೆ) ಏರಿದ ಪ್ರಕರಣಗಳು ದಾಖಲಾಗಿವೆ. ಅಂಗಡಿಯವರು ಸುಸ್ತಿಗೆಂದು ಗಾನ್‌ಚಾವೊ ಸೇರಿಸಿದರೆ ಅದು ನಮ್ಮ ಜ್ಯೇಷ್ಠಮಧುವಿನ ಜಾತಿಯೇ. ದಿನವೂ ಕುಡಿದರೆ ಬಿಪಿ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ಒಸಡಿನಲ್ಲಿ ರಕ್ತ, ಕಾರಣವಿಲ್ಲದೆ ಚರ್ಮದ ಮೇಲೆ ಕಂದಿದ ಕಲೆ, ಕಪ್ಪು ಮಲ, ಹಿಂದೆಂದೂ ಇಲ್ಲದ ತಲೆನೋವು ಕಂಡರೆ ಅಲ್ಲಿಗೇ ನಿಲ್ಲಿಸಿ ಆಸ್ಪತ್ರೆಗೆ ಕರೆದೊಯ್ಯಿರಿ. ಹಲ್ಲು ಕೀಳಿಸುವುದಿದ್ದರೆ ಎರಡು ವಾರ ಮೊದಲೇ ಬಿಡಿಸಿ. ಕ್ಲೋಪಿಡೋಗ್ರೆಲ್ ಅಲ್ಲ, ಕಷಾಯ.

ಸಿಂಗಪುರದಲ್ಲಿ ಚೀನೀ ವೈದ್ಯರಿಗೆ ಸರಕಾರಿ ನೋಂದಣಿ ಇದೆ. ಅಂಗಡಿಯ ಗಲ್ಲಾದಲ್ಲಿ ಕೂತವರ ಸಲಹೆ ಬಿಟ್ಟು ನೋಂದಾಯಿತರನ್ನೇ ನೋಡಿ. ಮಾತ್ರೆ ಚೀಟಿಯನ್ನು ಅವರಿಗೂ, ಕಷಾಯದ ಚೀಟಿಯನ್ನು ನರರೋಗ ತಜ್ಞರಿಗೂ ತೋರಿಸಿ. ಶುರುಮಾಡುವ ಮುಂಚೆ ಒಂದು ವಾರ, ದಿನಕ್ಕೆ ಎಷ್ಟು ಹೊತ್ತು ಮಲಗಿದರು, ಬಿಪಿ ಎಷ್ಟು ಎಂದು ಬರೆದಿಡಿ. ನಾಲ್ಕು ವಾರದ ಬಳಿಕ ಅದೇ ಪುಸ್ತಕ ತೆಗೆದು ಹೋಲಿಸಿ. ಮಲಗುವ ಹೊತ್ತು ಇಳಿಯದಿದ್ದರೆ ಮುಂದುವರಿಸಬೇಡಿ.