ಅಪ್‌ಡೇಟ್: ಕಾರಿಲ್ಲದೆ ಶರತ್ಕಾಲದ ಬೆಟ್ಟ ಸುತ್ತಾಟ
ಶರತ್ಕಾಲದಲ್ಲಿ ಕಾರಿಲ್ಲದೆ ಬೆಟ್ಟಸೀಮೆಗೆ ಒಂದು ದಿನದ ಪ್ರವಾಸಗಳನ್ನು ಯೋಜಿಸುವುದು ಹೇಗೆಂದು ಕೇಳಿದ್ದೆ. ಸಂಜೆಯ ಕೊನೆಯ ಬಸ್ಸಿನಿಂದ ಹಿಂದಕ್ಕೆ ಲೆಕ್ಕ ಹಾಕಬೇಕೆಂದು ಹಲವರು ತಿಳಿಸಿದ್ದರು. ಹಾಗೆಯೇ ಮೂರು ಕಡೆ ಹೋಗಿಬಂದೆ. ಬೇಸಿಗೆಯ ವೇಳಾಪಟ್ಟಿ ಮುಗಿದು ಬಸ್ಸುಗಳು ಕಡಿಮೆಯಾಗಿದ್ದುದರಿಂದ, ಕೊನೆಯದರ ಹಿಂದಿನ ಬಸ್ಸನ್ನೇ ಗುರಿಯಾಗಿಟ್ಟುಕೊಂಡದ್ದು ಬಹಳ ಒಳ್ಳೆಯದಾಯಿತು.

ನಾನು ಲೆಕ್ಕಕ್ಕೆ ತೆಗೆದುಕೊಳ್ಳದೆ ಇದ್ದದ್ದು ನೆರಳನ್ನು. ಸೂರ್ಯಾಸ್ತಕ್ಕೆ ಇನ್ನೂ ಒಂದು ಗಂಟೆ ಇರುವಾಗಲೇ ಬಿಸಿಲು ಪಶ್ಚಿಮದ ಬೆಟ್ಟಸಾಲಿನ ಹಿಂದೆ ಸರಿದು ಕಣಿವೆ ತಣ್ಣಗಾಯಿತು. ಇಳಿಜಾರಿನಲ್ಲಿ ಒದ್ದೆ ಎಲೆಗಳು ಕಲ್ಲುಗಳನ್ನು ಮುಚ್ಚಿದ್ದರಿಂದ ಪ್ರತಿ ಹೆಜ್ಜೆಯನ್ನೂ ಕೋಲಿನಿಂದ ತಡವಿ ಇಡಬೇಕಾಯಿತು. ಸಾವಿರ ಮೀಟರ್ ಏರಿದರೆ ಉಷ್ಣತೆ ಸುಮಾರು 6 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ, ಆದ್ದರಿಂದ ಟಾರ್ಚಿನೊಂದಿಗೆ ದಪ್ಪ ಅಂಗಿಯೂ ಚೀಲದಲ್ಲಿರಲಿ.

ಆದರೂ ಒಂದು ಕಣಿವೆಯಲ್ಲಿ ಹತ್ತಿ ಮತ್ತೊಂದರಲ್ಲಿ ಇಳಿದು ಅಲ್ಲಿಂದಲೇ ಬಸ್ ಹಿಡಿಯುವ ಸ್ವಾತಂತ್ರ್ಯ, ನಿಲ್ಲಿಸಿದ ಕಾರಿಗೆ ಮರಳಲೇಬೇಕಾದವರಿಗೆ ಇಲ್ಲ.