ಪದ ಬೇಕು, ಇವತ್ತು ಸಂಜೆ ಆರರೊಳಗೆ: ಫಿಸ್ಟುಲಾ ಮತ್ತು ರೆಮಿಷನ್

ದಾವಣಗೆರೆಯಿಂದ, ಬೆಳಿಗ್ಗೆ 9.40

ಪದ ಹುಡುಕುವ ನಮ್ಮ ಬಳಗದ ಎಲ್ಲರಿಗೂ ನಮಸ್ಕಾರ.

ಔಷಧಿ ಪ್ರಯೋಗವೊಂದರ ಒಪ್ಪಿಗೆ ಪತ್ರವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಹದಿನಾಲ್ಕು ಪುಟ. ಸಂಜೆ ಆರಕ್ಕೆ ಕಳಿಸಲೇಬೇಕು. ಎರಡು ಪದ ಬಿಟ್ಟು ಉಳಿದದ್ದೆಲ್ಲ ಹೆಚ್ಚುಕಮ್ಮಿ ಮುಗಿದಿದೆ.

ಕಾಯಿಲೆ ಐಬಿಡಿ, ಅಂದರೆ ಕರುಳಿನಲ್ಲಿ ಇನ್‌ಫ್ಲಮೇಷನ್ ಆಗಿ ಬಹುಕಾಲ ಕಾಡುವ ರೋಗ. ಕ್ರೋನ್ಸ್, ಅಲ್ಸರೇಟಿವ್ ಕೊಲೈಟಿಸ್ ಎರಡೂ ಇದರಲ್ಲಿ ಬರುತ್ತವೆ. ಈ ಹೆಸರುಗಳನ್ನು ಹಾಗೇ ಬಿಟ್ಟಿದ್ದೇನೆ. ಕ್ರೋನ್ ಅನ್ನುವುದು 1932ರಲ್ಲಿ ಇದರ ಬಗ್ಗೆ ಬರೆದ ಮೂವರು ವೈದ್ಯರಲ್ಲಿ ಒಬ್ಬರ ಹೆಸರು. ಇನ್‌ಫ್ಲಮೇಷನ್‌ಗೆ ‘ಉರಿಯೂತ’, ಪ್ಲಸೀಬೊಗೆ ‘ಮದ್ದಿಲ್ಲದ ಮಾತ್ರೆ’ ಹಾಕಿದ್ದೇನೆ. ‘ಹುಸಿಮಾತ್ರೆ’ ಅಂದರೆ ಮೋಸ ಮಾಡುತ್ತಾರೇನೋ ಅನ್ನಿಸುತ್ತದೆ.

ಸಿಕ್ಕಿಹಾಕಿಕೊಂಡಿರುವುದು ಇಲ್ಲಿ.

ಫಿಸ್ಟುಲಾ. ಕ್ರೋನ್ಸ್‌ನಲ್ಲಿ ಹುಣ್ಣು ಕರುಳಿನ ಗೋಡೆಯನ್ನು ಪೂರ್ತಿ ಕೊರೆದುಕೊಂಡು ಹೋಗಬಹುದು. ಇನ್ನೊಂದು ಕರುಳಿಗೋ, ಮೂತ್ರಕೋಶಕ್ಕೋ, ಗುದದ ಪಕ್ಕದ ಚರ್ಮಕ್ಕೋ ದಾರಿ ಮಾಡಿಕೊಳ್ಳುತ್ತದೆ. ಅದರಲ್ಲಿ ಕೀವು ಒಸರುತ್ತದೆ, ಕೆಲವೊಮ್ಮೆ ಮಲವೇ ಬರುತ್ತದೆ.

ರೆಮಿಷನ್. ರೋಗ ಪೂರ್ತಿ ಹೋಗಿಲ್ಲ, ಆದರೆ ಸದ್ಯಕ್ಕೆ ತಗ್ಗಿದೆ ಅನ್ನುವ ಸ್ಥಿತಿ. ನಿಘಂಟು ‘ಉಪಶಮನ’ ಅನ್ನುತ್ತದೆ. ಓದಿದವರಿಗೆ ಏನೂ ತಿಳಿಯುವುದಿಲ್ಲ. ‘ಗುಣ’ ಅಂತೂ ಬೇಡವೇ ಬೇಡ. ನಮ್ಮ ಚಿಕ್ಕಪ್ಪನಿಗೆ ಅಲ್ಸರೇಟಿವ್ ಕೊಲೈಟಿಸ್. ಚಳ್ಳಕೆರೆ ಕಡೆ ಹೊಲ ಇದೆ. ಒಂದು ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಚೀಟಿಯಲ್ಲಿ ‘ರೋಗ ಗುಣವಾಗಿದೆ’ ಅಂತ ಬರೆದುಕೊಟ್ಟರು. ಗುಣವಾದ ಮೇಲೆ ಮಾತ್ರೆ ಯಾಕೆ? ಮೆಸಲಮಿನ್ ನಿಲ್ಲಿಸಿಬಿಟ್ಟರು. ನಾಲ್ಕು ತಿಂಗಳಾಗಿತ್ತು, ಈರುಳ್ಳಿ ಕೀಳುವ ಹೊತ್ತು. ದಿನಕ್ಕೆ ಹತ್ತು ಹನ್ನೆರಡು ಸಲ ರಕ್ತಭೇದಿ. ನಾನು ಹೋದಾಗ ಬದುವಿನ ಮೇಲೆ ಕೂತಿದ್ದರು, ಏಳಲು ಆಗುತ್ತಿರಲಿಲ್ಲ. ಅಂಗಿ ಜೇಬಿನಿಂದ ಆ ಚೀಟಿ ತೆಗೆದರು. ನಾಲ್ಕು ಮಡಿಕೆ, ಅಂಚೆಲ್ಲ ಬೆವರಿಗೆ ನೆನೆದಿತ್ತು. ‘ನೋಡವ್ವ, ಗುಣ ಅಂತ ಬರ್ದವ್ರಲ್ಲ’ ಅಂದರು.

ಆ ತರಹದ ಚೀಟಿ ಇನ್ನೊಂದು ನನ್ನ ಕೈಯಿಂದ ಹೋಗಬಾರದು. ದಯವಿಟ್ಟು ಬೇಗ ಹೇಳಿ.

ಹಿರಿಯೂರಿನಿಂದ, 10.15

ಫಿಸ್ಟುಲಾಗೆ ಭಗಂದರ. ಆಯುರ್ವೇದದ ಸುಶ್ರುತ ಅದರಲ್ಲಿ ಐದು ಬಗೆ ಹೆಸರಿಸಿದ್ದಾನೆ. ಅದರಲ್ಲಿ ಶತಪೋನಕ ಅಂದರೆ ಜರಡಿಯ ಹಾಗೆ ಹಲವು ಬಾಯಿ ಇರುವಂಥದ್ದು. ಇದಕ್ಕೆ ಕ್ಷಾರಸೂತ್ರ, ಅಂದರೆ ಮದ್ದು ಲೇಪಿಸಿದ ದಾರ, ಕಟ್ಟುವ ವೈದ್ಯರು ಇವತ್ತಿಗೂ ಇದೇ ಪದ ಬಳಸುತ್ತಾರೆ. ಇಷ್ಟು ಹಳೆಯ ಪದ ಕೈಯಲ್ಲಿರುವಾಗ ಹೊಸದು ಹುಟ್ಟಿಸುವ ಚಟ ಯಾಕೆ?

ರೆಮಿಷನ್‌ಗೆ ಉಪಶಮನವೇ ಸರಿ. ನಿಮ್ಮ ಚಿಕ್ಕಪ್ಪನ ಚೀಟಿಯಲ್ಲಿ ಅದನ್ನೇ ಬರೆದಿದ್ದರೆ ತೊಂದರೆ ಆಗುತ್ತಿರಲಿಲ್ಲ. ಚರ್ಚೆ ಮುಗಿಯಿತು.

ಚಿತ್ರದುರ್ಗದಿಂದ, 10.50

ಮುಗಿದಿಲ್ಲ ಸಾರ್. ಎರಡೂ ಸಂಸ್ಕೃತ. ಹೊಲದಲ್ಲಿ ದುಡಿಯುವವರು ಇದನ್ನು ಓದಿ ಸಹಿ ಹಾಕಬೇಕಾ?

ಫಿಸ್ಟುಲಾಗೆ ‘ಕಳ್ಳಗಿಂಡಿ’ ಹಾಕಿ. ಕಳ್ಳ, ಕಿಂಡಿ ಸೇರಿ ಕಕಾರ ಗಕಾರವಾಗಿದೆ, ಅಚ್ಚ ಕನ್ನಡ. ನಮ್ಮ ಕೋಟೆಯಲ್ಲಿ ಓಬವ್ವನ ಕಿಂಡಿ ನೋಡಿದ್ದೀರಲ್ವಾ? ಒಬ್ಬ ಮನುಷ್ಯ ಮೈ ಕುಗ್ಗಿಸಿ ನುಸುಳುವಷ್ಟು ಜಾಗ. ಹೈದರಾಲಿಯ ಸೈನಿಕರು ಅಲ್ಲಿಂದಲೇ ಒಬ್ಬೊಬ್ಬರಾಗಿ ಬಂದದ್ದು. ದಾರಿ ಇರಬಾರದ ಕಡೆ ದಾರಿ. ಜಿಲ್ಲೆಯ ಯಾವ ಮಗುವಿಗೆ ಹೇಳಿದರೂ ಅರ್ಥವಾಗುತ್ತದೆ.

ರೆಮಿಷನ್‌ಗೆ ‘ಅಡಗು’. ಹಳಗನ್ನಡದ ಅಡಂಗು. ತಮಿಳಿನಲ್ಲಿ ಇವತ್ತಿಗೂ ಅಡಂಗು. ಗಾಳಿ ಅಡಗಿತು, ಸದ್ದಡಗಿತು, ಸೊಕ್ಕಡಗಿತು. ಹುಣ್ಣು ಕೆರಳಿತು, ಹುಣ್ಣು ಅಡಗಿತು. ಜೋಡಿ ಎಷ್ಟು ಚೆನ್ನಾಗಿದೆ ನೋಡಿ. ಇಂಥ ಪದ ಬಿಟ್ಟು ಉಪಶಮನ ಅನ್ನುವವರಿಗೆ ಏನು ಹೇಳುವುದು?

ಹರಿಹರದಿಂದ, 11.30

ಉರಿಯೂತದ ಬಗ್ಗೆ ಯಾರೂ ಮಾತಾಡುತ್ತಿಲ್ಲ. ಉರಿ, ಊತ. ಹಳೆಯ ರೋಮಿನ ಸೆಲ್ಸಸ್ ಇದಕ್ಕೆ ನಾಲ್ಕು ಗುರುತು ಹೇಳಿದ್ದ: ಕೆಂಪು, ಊತ, ಕಾವು, ನೋವು. ಎರಡು ನಮ್ಮ ಪದದ ಒಳಗೇ ಇವೆ. ಪದ ಒಳ್ಳೆಯದೇ. ಆದರೆ ‘ಕರುಳಿನ ಉರಿಯೂತ’ ಓದಿದವರು ಎದೆಯುರಿ, ಗ್ಯಾಸ್ ಅಂದುಕೊಳ್ಳುತ್ತಾರೆ. ಒಂದು ವಾರ ಮಂಡಕ್ಕಿ ಮಿರ್ಚಿ ಬಿಟ್ಟರೆ ಸರಿಹೋಗುತ್ತದೆ ಅಂದುಕೊಳ್ಳುತ್ತಾರೆ. ಮೊದಲ ಸಲ ಬರುವ ಕಡೆ ‘ಕರುಳು ಊದಿ, ಕೆಂಪಾಗಿ, ಹುಣ್ಣಾಗುವುದು’ ಅಂತ ಬಿಡಿಸಿ ಬರೆಯಿರಿ ತಂಗಿ.

ಫಿಸ್ಟುಲಾಗೆ ‘ಸುರಂಗ’. ಲ್ಯಾಟಿನ್‌ನಲ್ಲಿ ಫಿಸ್ಟುಲಾ ಅಂದರೆ ಕೊಳವೆ, ಕೊಳಲು. ಗ್ರೀಕ್ ವೈದ್ಯರು ಇದೇ ಕಾಯಿಲೆಗೆ ಸಿರಿಂಕ್ಸ್ ಅನ್ನುತ್ತಿದ್ದರು. ಅದೂ ಕೊಳಲೇ. ಹಿಪೊಕ್ರೆಟಿಸನ ಹೆಸರಿನಲ್ಲಿರುವ ಗ್ರಂಥಗಳಲ್ಲಿ ಒಂದು ಪೂರ್ತಿ ಇದರ ಮೇಲೇ ಇದೆ. ಆ ಸಿರಿಂಕ್ಸ್ ಸಂಸ್ಕೃತಕ್ಕೆ ಬಂದು ಸುರುಂಗಾ ಆಯಿತು. ಕೌಟಿಲ್ಯನಲ್ಲಿ ಸಿಗುತ್ತದೆ. ಅಲ್ಲಿಂದ ನಮ್ಮ ಸುರಂಗ. ಅಂದರೆ ನಾವು ಸುರಂಗ ಅಂದಾಗ ಗ್ರೀಕ್ ವೈದ್ಯರು ಈ ಕಾಯಿಲೆಗೆ ಇಟ್ಟಿದ್ದ ಹೆಸರನ್ನೇ ಹೇಳುತ್ತಿದ್ದೇವೆ. ದವಾಖಾನೆಯ ಸಿರಿಂಜ್ ಕೂಡ ಅದೇ ಮನೆಯದು.

ಚಿತ್ರದುರ್ಗದಿಂದ, 11.40

ಗ್ರೀಕ್‌ನಿಂದ ಸಂಸ್ಕೃತಕ್ಕೆ, ಸಂಸ್ಕೃತದಿಂದ ಕನ್ನಡಕ್ಕೆ. ಎರಡು ಸಲ ಕೈ ಬದಲಾದ ಸಾಲ. ಬೇಡ.

ಹಿರಿಯೂರಿನಿಂದ, 11.55

ಗ್ರೀಕ್ ಮೂಲ ಅನ್ನುವುದು ಯುರೋಪಿನವರ ಮಾತು. ನಾನು ಒಪ್ಪಲ್ಲ.

ಹರಿಹರದಿಂದ, 12.20

ಒಪ್ಪದಿದ್ದರೆ ಬಿಡಿ. ಸಾಲದ ಲೆಕ್ಕ ಹಾಕಲು ಕೂತರೆ ದವಾಖಾನೆ ಪಾರಸಿಯದು, ಚಾವಿ ಪೋರ್ಚುಗೀಸರದು. ನಮ್ಮಮ್ಮ ಓದಿದವರಲ್ಲ. ಸಾಯುವ ತನಕ ದವಾಖಾನೆ ಅಂತಲೇ ಅನ್ನುತ್ತಿದ್ದರು. ಅದು ಅವರ ಮಾತಾಗಿತ್ತು. ಭದ್ರಾ ಮೇಲ್ದಂಡೆ ನೀರು ಅಜ್ಜಂಪುರದ ಸುರಂಗ ದಾಟಿ ಬರಲಿ ಅಂತ ನಿಮ್ಮ ಜಿಲ್ಲೆಯ ರೈತರು ವರ್ಷಗಟ್ಟಲೆ ಕಾದಿದ್ದಾರೆ. ಅವರಿಗೆ ಸುರಂಗ ಅಂದರೆ ಗೊತ್ತಿಲ್ಲವೇ?

ಚಿತ್ರದುರ್ಗದಿಂದ, 12.30

ಬಳಕೆಯಲ್ಲಿದೆ ಅನ್ನುವುದೇ ವಾದವಾದರೆ ಫಿಸ್ಟುಲಾ ಅಂತಲೇ ಬರೆದುಬಿಡಿ, ಅದೂ ಬಳಕೆಯಲ್ಲಿದೆ. ಆಮೇಲೆ ಈ ಬಳಗ ಯಾಕೆ? ನಮ್ಮ ಬೇರಿನಿಂದ ಪದ ಕಟ್ಟುವ ಶಕ್ತಿಯೇ ಸತ್ತುಹೋಗುತ್ತಿದೆ. ನನಗೆ ಸಿಟ್ಟು ಬರುವುದು ಅದಕ್ಕೆ.

ದಾವಣಗೆರೆಯಿಂದ, ಸಂಜೆ 5.25

ಎಲ್ಲರ ಪತ್ರವನ್ನೂ ಎರಡೆರಡು ಸಲ ಓದಿದೆ. ಸಮಯ ಕಡಿಮೆ ಇದೆ, ನೇರವಾಗಿ ಹೇಳುತ್ತೇನೆ.

ಭಗಂದರ ಬಿಟ್ಟೆ. ಅದು ಗುದದ ಪಕ್ಕದ್ದಕ್ಕೆ ಮಾತ್ರ ಸಲ್ಲುತ್ತದೆ. ಕರುಳಿನಿಂದ ಮೂತ್ರಕೋಶಕ್ಕೆ ಆದ ದಾರಿಯನ್ನು ಭಗಂದರ ಅನ್ನಲು ಬರುವುದಿಲ್ಲ.

ಕಳ್ಳಗಿಂಡಿ ನನಗೆ ತುಂಬಾ ಹಿಡಿಸಿತು. ಮಧ್ಯಾಹ್ನದವರೆಗೂ ಅದನ್ನೇ ಇಟ್ಟುಕೊಂಡಿದ್ದೆ. ಮೂರನೇ ಪುಟಕ್ಕೆ ಬಂದಾಗ ನಿಂತಿತು. ಅಲ್ಲಿ ‘ಫಿಸ್ಟುಲಾ ಮುಚ್ಚಿದೆ’ ಅಂದರೆ ಏನು ಅನ್ನುವ ವಿವರಣೆ ಇದೆ. ಬೆರಳಿನಿಂದ ಮೆಲ್ಲಗೆ ಒತ್ತಿದರೂ ಒಸರಬಾರದು, ಅಷ್ಟೇ. 1999ರಲ್ಲಿ ಪ್ರಕಟವಾದ, ಇನ್‌ಫ್ಲಿಕ್ಸಿಮ್ಯಾಬ್ ಅನ್ನುವ ಔಷಧಿಯ ಪ್ರಯೋಗದಲ್ಲೂ ಅಳತೆ ಒಸರುವುದೇ ಆಗಿತ್ತು. 94 ರೋಗಿಗಳು. ಒಸರುವ ಫಿಸ್ಟುಲಾಗಳು ಅರ್ಧದಷ್ಟಾದರೂ ಕಡಿಮೆಯಾಗಬೇಕು, ಸತತ ಎರಡು ಭೇಟಿಯಲ್ಲಿ ಹಾಗೇ ಇರಬೇಕು. ಆದರೆ ಹೊರಗಿನ ಬಾಯಿ ಮುಚ್ಚಿದ ಮೇಲೂ ಎಂಆರ್‌ಐ ತೆಗೆದರೆ ಒಳಗೆ ದಾರಿ ಉಳಿದಿರುವುದು ಎಷ್ಟೋ ಸಲ ಕಾಣುತ್ತದೆ. ಕಿಂಡಿ ಮುಚ್ಚಿತು ಅಂದರೆ ಕಥೆ ಮುಗಿಯಿತು. ಸುರಂಗದ ಬಾಯಿ ಮುಚ್ಚಿತು ಅಂದರೆ ಒಳಗೆ ಸುರಂಗ ಇದೆ ಅಂತ ಯಾರಿಗಾದರೂ ಹೊಳೆಯುತ್ತದೆ. ಹಾಗಾಗಿ ‘ಕರುಳಿನ ಸುರಂಗಹುಣ್ಣು’ ಅಂತ ಬರೆದೆ, ಪಕ್ಕದಲ್ಲಿ ಒಂದು ಸಲ ಫಿಸ್ಟುಲಾ. ಡಾಕ್ಟರ ಬಾಯಲ್ಲಿ ಆ ಪದ ಕೇಳಿದಾಗ ಗುರುತು ಸಿಗಬೇಕಲ್ವಾ.

ಚಿತ್ರದುರ್ಗದ ಸಾರ್, ನಿಮ್ಮ ‘ಕೆರಳು’ ಉಳಿಸಿಕೊಂಡಿದ್ದೇನೆ. ಫ್ಲೇರ್‌ಗೆ ಎಲ್ಲ ಕಡೆ ‘ರೋಗ ಕೆರಳುವುದು’. ಇದಕ್ಕಿಂತ ಒಳ್ಳೆಯದು ನನಗೆ ಹೊಳೆಯುತ್ತಲೇ ಇರಲಿಲ್ಲ. ‘ಅಡಗು’ ಮಾತ್ರ ಹಾಕಲಿಲ್ಲ. ನೀವು ಹೇಳಿದ ಅರ್ಥ ಸರಿ. ಆದರೆ ನಮ್ಮ ಪಕ್ಕದ ಮನೆಯವರಿಗೆ ಓದಿ ಹೇಳಿದೆ. ‘ಎಲ್ಲಿ ಅಡಗಿ ಕೂತಿದೆ?’ ಅಂತ ಗಾಬರಿಯಿಂದ ಕೇಳಿದರು.

ರೆಮಿಷನ್‌ಗೆ ‘ಹಿಡಿತದಲ್ಲಿದೆ’ ಅಂತ ಬರೆದಿದ್ದೇನೆ. ಶುಗರ್, ಬಿಪಿಗೆ ಜನ ಹೀಗೇ ಅನ್ನುತ್ತಾರೆ. ಲೆಕ್ಕಕ್ಕೂ ಇದೇ ಹೊಂದುತ್ತದೆ. ಕೊಲೈಟಿಸ್‌ಗೆ ಮೇಯೊ ಅಂಕ ಅಂತ ಇದೆ, ಸೊನ್ನೆಯಿಂದ 12ರ ತನಕ. ಎಷ್ಟು ಸಲ ಭೇದಿ, ಎಷ್ಟು ರಕ್ತ, ಎಂಡೊಸ್ಕೋಪಿಯಲ್ಲಿ ಕಂಡದ್ದು, ವೈದ್ಯರ ಅಂದಾಜು, ಒಂದೊಂದಕ್ಕೆ 3ರವರೆಗೆ. ಒಟ್ಟು 2 ಇದ್ದರೂ, ಯಾವುದೂ 1 ದಾಟದಿದ್ದರೆ, ರೆಮಿಷನ್ ಅನ್ನುತ್ತಾರೆ. ಸೊನ್ನೆಯೇ ಆಗಬೇಕಿಲ್ಲ. ಇದನ್ನು ಗುಣ ಅನ್ನಲು ಹೇಗೆ ಸಾಧ್ಯ?

ಕಳಿಸುವ ಮೊದಲು ಚಿಕ್ಕಪ್ಪನಿಗೆ ಫೋನ್ ಮಾಡಿ ಆ ಸಾಲು ಓದಿದೆ: ‘ರೋಗ ಹಿಡಿತದಲ್ಲಿದ್ದರೂ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬಾರದು. ನಿಲ್ಲಿಸಿದರೆ ರೋಗ ಮತ್ತೆ ಕೆರಳಬಹುದು.’ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ‘ಹೋರಿ ಹಗ್ಗ ಹಿಡ್ದಂಗೆ. ಬಿಟ್ರೆ ಹೋಯ್ತು’ ಅಂದರು.

ಪತ್ರ ಈಗ ಕಳಿಸುತ್ತಿದ್ದೇನೆ. ಸ್ಟ್ರಿಕ್ಚರ್‌ಗೆ ಸದ್ಯಕ್ಕೆ ‘ಕರುಳು ಬಿಗಿದು ಸಣ್ಣದಾಗುವುದು’ ಅಂತ ಬರೆದಿದ್ದೇನೆ. ಮುಂದಿನ ವಾರ ತಿದ್ದುಪಡಿಗೆ ವಾಪಸ್ ಬರುತ್ತದೆ. ಒಂದೇ ಪದ ಸಿಕ್ಕರೆ ತಿಳಿಸಿ.