57 ಮೀಟರ್ ಆಳಕ್ಕೆ ಯಾವ ಮಿಶ್ರಣ? ರೀಬ್ರೀದರ್ ಡೈವಿಂಗ್ ಅನಿಲಗಳ ಬಗ್ಗೆ ಪ್ರಶ್ನೋತ್ತರ

ಪ್ರಶ್ನೆ (ಮಾಲ್ಟಾದಿಂದ): ನಮಸ್ಕಾರ ಸರ್. ನನ್ನ ಊರು ಕುಮಟಾ, ಉದ್ಯೋಗ ಮಾಲ್ಟಾದಲ್ಲಿ. ರೀಬ್ರೀದರ್ (ಹೊರಬಿಟ್ಟ ಉಸಿರನ್ನು ಶುದ್ಧಗೊಳಿಸಿ, ಆಮ್ಲಜನಕ ಸೇರಿಸಿ ಮತ್ತೆ ಉಸಿರಾಡಲು ಕೊಡುವ ಯಂತ್ರ) ಕಟ್ಟಿಕೊಂಡು ನೀರಿನೊಳಗೆ ಸುಮಾರು ನೂರು ಗಂಟೆ ಕಳೆದಿದ್ದೇನೆ, ಕಳೆದ ತಿಂಗಳು ಟ್ರೈಮಿಕ್ಸ್ (ಆಮ್ಲಜನಕ, ಹೀಲಿಯಂ, ಸಾರಜನಕದ ಮಿಶ್ರಣ) ತರಬೇತಿಯೂ ಮುಗಿಯಿತು. ಇಲ್ಲಿನ ಕಡಲಲ್ಲಿ ಎಚ್‌ಎಂಎಸ್ ಸ್ಟಬ್ಬರ್ನ್ ಎಂಬ ಬ್ರಿಟಿಷ್ ಜಲಾಂತರ್ಗಾಮಿ ಇದೆ. 1946ರಲ್ಲಿ ಸೋನಾರ್ ಅಭ್ಯಾಸಕ್ಕೆ ಗುರಿಯಾಗಲೆಂದು ಅದನ್ನು ಉದ್ದೇಶಪೂರ್ವಕವಾಗಿ ಮುಳುಗಿಸಿದರು. ತಳ ಸುಮಾರು 57 ಮೀಟರ್. ನಾನು ಇದುವರೆಗೆ ಡೈಲ್ಯುಯೆಂಟ್ (ಯಂತ್ರದೊಳಗೆ ಆಮ್ಲಜನಕವನ್ನು ತೆಳುಗೊಳಿಸುವ ಅನಿಲ) ಸಿಲಿಂಡರ್‌ಗೆ ಬರೀ ಗಾಳಿ ತುಂಬಿಸುತ್ತಿದ್ದೆ. ಈ ಡೈವ್‌ಗೆ 18/45 ಸಾಕು ಎಂದು ಒಬ್ಬ ಗೆಳೆಯರು ಹೇಳುತ್ತಾರೆ. ಇನ್ನೊಬ್ಬರು, ‘ನನಗೆ ಆ ಆಳದಲ್ಲಿ ಸಾರಜನಕದಿಂದ ಮಂಪರು ಬರುವುದಿಲ್ಲ, ಹೀಲಿಯಂಗೆ ಹಣ ಸುರಿಯುವುದೇಕೆ, ಗಾಳಿಯೇ ಸಾಕು’ ಎನ್ನುತ್ತಾರೆ. ನನ್ನ ಸೆಟ್‌ಪಾಯಿಂಟ್, ಅಂದರೆ ಯಂತ್ರ ಕಾಯ್ದುಕೊಳ್ಳುವ ಆಮ್ಲಜನಕದ ಒತ್ತಡ, 1.3 ಬಾರ್. ನೀವೇನು ಹೇಳುತ್ತೀರಿ?

ಉತ್ತರ: ನಮಸ್ಕಾರ. ಗಾಳಿ ಬೇಡವೇ ಬೇಡ. ಮಂಪರು ಬರುತ್ತದೋ ಇಲ್ಲವೋ ಎಂಬುದು ಇಲ್ಲಿ ಎರಡನೆಯ ಪ್ರಶ್ನೆ. ಮೊದಲ ಪ್ರಶ್ನೆ, ಆ ಆಳದಲ್ಲಿ ಅನಿಲ ಎಷ್ಟು ದಪ್ಪವಾಗಿರುತ್ತದೆ ಎಂಬುದು.

57 ಮೀಟರ್‌ನಲ್ಲಿ ಒಟ್ಟು ಒತ್ತಡ 6.7 ಬಾರ್. ಅಲ್ಲಿ ಒಂದು ಲೀಟರ್ ಗಾಳಿಯ ತೂಕ ಸುಮಾರು 8.7 ಗ್ರಾಂ. ಗ್ಯಾವಿನ್ ಆ್ಯಂಟನಿ ಮತ್ತು ಸೈಮನ್ ಮಿಚೆಲ್ 2016ರಲ್ಲಿ ಪ್ರಕಟಿಸಿದ ಶಿಫಾರಸಿನಂತೆ ನಾವು ಉಸಿರಾಡುವ ಅನಿಲ ಲೀಟರಿಗೆ 5.2 ಗ್ರಾಂ ಒಳಗಿದ್ದರೆ ಒಳ್ಳೆಯದು, 6.2 ಗ್ರಾಂ ದಾಟಲೇಬಾರದು. ಅಂದರೆ ಗಾಳಿಯ ಮಟ್ಟಿಗೆ 31 ಮೀಟರ್ ಒಳ್ಳೆಯ ಮಿತಿ, 39 ಮೀಟರ್ ಕೊನೆಯ ಮಿತಿ. ನಿಮ್ಮ ಗೆಳೆಯರು ಆ ಗೆರೆಯನ್ನು ಬಹಳ ಹಿಂದೆಯೇ ದಾಟಿದ್ದಾರೆ. ದಯವಿಟ್ಟು ಅವರಿಗೂ ಈ ಲೆಕ್ಕ ತೋರಿಸಿ.

ಗಾಳಿಯಲ್ಲಿ ಇನ್ನೊಂದು ತೊಡಕಿದೆ. ತಳದಲ್ಲಿ ಅದರ ಆಮ್ಲಜನಕದ ಆಂಶಿಕ ಒತ್ತಡವೇ (ಒಟ್ಟು ಒತ್ತಡದಲ್ಲಿ ಆಮ್ಲಜನಕದ ಪಾಲು) 1.4 ಬಾರ್ ಆಗಿರುತ್ತದೆ, ನಿಮ್ಮ ಸೆಟ್‌ಪಾಯಿಂಟ್‌ಗಿಂತ ಹೆಚ್ಚು. ಲೂಪಿನಲ್ಲಿ (ಉಸಿರು ಸುತ್ತುವ ಕೊಳವೆಗಳಲ್ಲಿ) ಆಮ್ಲಜನಕ ಏರಿದೆ ಎಂಬ ಅನುಮಾನ ಬಂದು ಡೈಲ್ಯುಯೆಂಟ್ ಹರಿಸಿ ಲೂಪನ್ನು ತೊಳೆದರೂ ಅದು 1.4ಕ್ಕಿಂತ ಕೆಳಗೆ ಇಳಿಯುವುದಿಲ್ಲ. ತೊಳೆಯುವ ಅನಿಲದಲ್ಲಿ ಆಮ್ಲಜನಕ ಲೂಪಿನಲ್ಲಿರುವುದಕ್ಕಿಂತ ಸಾಕಷ್ಟು ಕಡಿಮೆ ಇರಬೇಕು. ಆಮ್ಲಜನಕ ಅಳೆಯುವ ಸಂವೇದಕಗಳು ಸುಳ್ಳು ಹೇಳುತ್ತಿವೆಯೇ ಎಂದು ಆಳದಲ್ಲಿ ನಮಗೆ ತಿಳಿಯುವುದು ಆ ತೊಳೆತದಿಂದಲೇ.

ಇನ್ನು 18/45. ಮೊದಲ ಅಂಕಿ ಆಮ್ಲಜನಕ, ಎರಡನೆಯದು ಹೀಲಿಯಂ, ಉಳಿದದ್ದು ಸಾರಜನಕ. ತಳದಲ್ಲಿ ಇದು ಆಮ್ಲಜನಕ 1.2 ಕೊಡುತ್ತದೆ. 1.3ರಿಂದ 1.2ಕ್ಕೆ ಇಳಿಯುವ ಅಂತರ ತೀರ ಕಿರಿದು, ಅಂಕಿ ನಿಜಕ್ಕೂ ಇಳಿಯಿತೇ ಎಂದು ಹೇಳುವುದು ಕಷ್ಟ. ಲೂಪಿನ ಅನಿಲದ ಸಾಂದ್ರತೆ ಲೀಟರಿಗೆ 5.4 ಗ್ರಾಂ ಆಗುತ್ತದೆ. ಹೋಗಿಬರಬಹುದು, ಆದರೆ ನಾನು ಆರಿಸುವುದು 15/55. ತೊಳೆದಾಗ ಅಂಕಿ 1.0ಕ್ಕೆ ಬಂದು ನಿಲ್ಲಬೇಕು, ಸೆಟ್‌ಪಾಯಿಂಟ್ 1.3ರಲ್ಲಿ ಸಾಂದ್ರತೆ 4.9ರ ಆಸುಪಾಸು. ಸಾರಜನಕದ ಮಂಪರು 14 ಮೀಟರ್‌ನಲ್ಲಿ ಗಾಳಿ ಉಸಿರಾಡಿದಷ್ಟೇ.

ಒಂದು ಎಚ್ಚರಿಕೆ. ನೀರಿನ ಮೇಲ್ಮೈಯಲ್ಲಿ 15/55ರ ಆಮ್ಲಜನಕ ಕೇವಲ 0.15. ದೋಣಿಯಿಂದ ಇಳಿಯುವಾಗ, ಕೊನೆಯ ಕೆಲವು ಮೀಟರ್ ಏರುವಾಗ ಡೈಲ್ಯುಯೆಂಟ್ ಗುಂಡಿಯ ಮೇಲೆ ಕೈ ಹೋಗಬಾರದು. ಪ್ರಜ್ಞೆ ತಪ್ಪುವ ಮುನ್ನ ದೇಹ ಯಾವ ಸೂಚನೆಯನ್ನೂ ಕೊಡುವುದಿಲ್ಲ.

ಪ್ರಶ್ನೆ (ಮಂಗಳೂರಿನ ವೈದ್ಯೆ): ನಾನು ಡೈವರ್ ಅಲ್ಲ, ಕುತೂಹಲದಿಂದ ಓದುತ್ತಿದ್ದೇನೆ. ಇಂಗಾಲದ ಡೈಆಕ್ಸೈಡನ್ನು ಹೀರಿಕೊಳ್ಳಲು ಸ್ಕ್ರಬ್ಬರ್ ಇದೆಯಲ್ಲ? ಅದು ಹೊಸದಾಗಿ ತುಂಬಿದ್ದಾಗಿದ್ದರೆ ಅನಿಲದ ದಪ್ಪದಿಂದ ತೊಂದರೆ ಏಕೆ?

ಉತ್ತರ: ಮೇಡಂ, ಸ್ಕ್ರಬ್ಬರ್ ಹೀರಿಕೊಳ್ಳುವುದು ನಾವು ಹೊರಬಿಟ್ಟದ್ದನ್ನು ಮಾತ್ರ. ಅನಿಲ ದಪ್ಪವಾದಷ್ಟೂ ಶ್ವಾಸನಾಳಗಳಲ್ಲಿ ಅದನ್ನು ತಳ್ಳುವ ಶ್ರಮ ಹೆಚ್ಚು. ಆ ಶ್ರಮ ತಪ್ಪಿಸಲು ದೇಹ ತನಗೇ ತಿಳಿಯದಂತೆ ಉಸಿರಾಟವನ್ನು ಕಡಿಮೆ ಮಾಡಿ, ಡೈಆಕ್ಸೈಡನ್ನು ರಕ್ತದಲ್ಲೇ ಉಳಿಸಿಕೊಳ್ಳುತ್ತದೆ. ಆಮೇಲೆ ಜೋರಾಗಿ ಊದಿದರೂ ಪ್ರಯೋಜನವಿಲ್ಲ: ಒಂದು ಹಂತದ ನಂತರ ಎಷ್ಟು ಬಲ ಹಾಕಿದರೂ ಹೊರಹೋಗುವ ಅನಿಲದ ವೇಗ ಏರುವುದಿಲ್ಲ, ಹಾಕಿದ ಬಲವೇ ಇನ್ನಷ್ಟು ಡೈಆಕ್ಸೈಡ್ ಹುಟ್ಟಿಸುತ್ತದೆ.

2005ರ ಜನವರಿಯಲ್ಲಿ ದಕ್ಷಿಣ ಆಫ್ರಿಕಾದ ಬುಷ್‌ಮನ್ಸ್ ಹೋಲ್‌ನಲ್ಲಿ ಡೇವಿಡ್ ಶಾ ತೀರಿಕೊಂಡದ್ದು ಹೀಗೆಯೇ. ಸುಮಾರು 270 ಮೀಟರ್ ಆಳದಲ್ಲಿದ್ದ ಇನ್ನೊಬ್ಬ ಡೈವರ್‌ನ ಶವವನ್ನು ಮೇಲೆ ತರಲು ಅವರು ರೀಬ್ರೀದರ್‌ನೊಂದಿಗೆ ಇಳಿದಿದ್ದರು. ಅವರ ಹೆಲ್ಮೆಟ್ಟಿನ ಕ್ಯಾಮೆರಾದಲ್ಲಿ ಉಸಿರಿನ ಸದ್ದು ದಾಖಲಾಗಿತ್ತು. ಶ್ರಮ ಹೆಚ್ಚಾದಂತೆ ಉಸಿರು ಹೇಗೆ ಸೋತುಹೋಯಿತು ಎಂಬುದನ್ನು ತಜ್ಞರು ಅದರಿಂದಲೇ ಅಧ್ಯಯನ ಮಾಡಿದರು. ನಾನು ಪ್ರತಿ ತರಬೇತಿಯಲ್ಲೂ ಈ ಘಟನೆಯನ್ನು ಹೇಳುತ್ತೇನೆ.

ನನ್ನದೂ ಒಂದು ಅನುಭವವಿದೆ. ಈಜಿಪ್ಟಿನ ದಹಬ್‌ನಲ್ಲಿ ಡೈವಿಂಗ್ ಪಾಠ ಹೇಳಲು ಆರಂಭಿಸುವುದಕ್ಕೆ ಮುಂಚೆ, ಗಾಳಿಯ ಡೈಲ್ಯುಯೆಂಟ್‌ನಲ್ಲಿ 50 ಮೀಟರ್ ಇಳಿದು ಪ್ರವಾಹಕ್ಕೆ ಎದುರಾಗಿ ಕಾಲು ಬಡಿದೆ. ಎರಡು ನಿಮಿಷಕ್ಕೆ ಉಸಿರು ಸಾಲದಾಯಿತು, ತಲೆ ಸಿಡಿಯತೊಡಗಿತು. ಬೇಲ್‌ಔಟ್ (ರೀಬ್ರೀದರ್ ಕೈಕೊಟ್ಟಾಗ ಉಸಿರಾಡಲು ಒಯ್ಯುವ ಬೇರೆ ಸಿಲಿಂಡರ್) ರೆಗ್ಯುಲೇಟರ್ ಎದೆಯ ಮೇಲೇ ಇತ್ತು. ಆದರೆ ಬಾಯಲ್ಲಿದ್ದದ್ದನ್ನು ಅರೆಗಳಿಗೆ ತೆಗೆಯಲು ಮನಸ್ಸು ಒಪ್ಪಲಿಲ್ಲ, ಅಷ್ಟು ಉಸಿರಿನ ಹಸಿವು. ಹೇಗೋ ಬದಲಿಸಿಕೊಂಡೆ. ಈಗ ಬಾಯಿಂದ ಏನನ್ನೂ ತೆಗೆಯದೆ ಒಂದು ತಿರುವಿನಲ್ಲಿ ಬದಲಾಯಿಸುವ ಬೇಲ್‌ಔಟ್ ಕವಾಟವಿಲ್ಲದೆ ನಾನು ಇಳಿಯುವುದಿಲ್ಲ.

ಪ್ರಶ್ನೆ (ಮಾಲ್ಟಾದಿಂದ): 15/55 ಒಪ್ಪಿದೆ ಸರ್. ಬೇಲ್‌ಔಟ್‌ಗೆ ಏನು ಒಯ್ಯಲಿ? ಮತ್ತು ಹೀಲಿಯಂ ಖರ್ಚು ನಿಜಕ್ಕೂ ಎಷ್ಟಾಗುತ್ತದೆ?

ಉತ್ತರ: ಖರ್ಚಿನ ಭಯ ತೆರೆದ ಸರ್ಕ್ಯೂಟ್‌ನಿಂದ ಬಂದದ್ದು. ಅಲ್ಲಿ ನಿಮಿಷಕ್ಕೆ 20 ಲೀಟರ್ ಉಸಿರಾಡಿದರೆ 57 ಮೀಟರ್‌ನಲ್ಲಿ 134 ಲೀಟರ್ ಗುಳ್ಳೆಗಳಾಗಿ ಹೋಗುತ್ತದೆ. 25 ನಿಮಿಷಕ್ಕೆ 3,350 ಲೀಟರ್, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಹೀಲಿಯಂ. ನಿಮ್ಮ 3 ಲೀಟರಿನ ಡೈಲ್ಯುಯೆಂಟ್ ಸಿಲಿಂಡರ್‌ನಲ್ಲಿ 200 ಬಾರ್‌ಗೆ ಇರುವುದೇ 600 ಲೀಟರ್, ಹೀಲಿಯಂ 330. ಅದೂ ಪೂರ್ತಿ ಮುಗಿಯುವುದಿಲ್ಲ.

ಬೇಲ್‌ಔಟ್‌ನಲ್ಲಿ ಮಾತ್ರ ಜಿಪುಣತನ ಬೇಡ. ಅದರತ್ತ ಕೈ ಚಾಚುವಾಗ ನೀವು ಶಾಂತವಾಗಿ ಉಸಿರಾಡುತ್ತಿರುವುದಿಲ್ಲ. ನಿಮಿಷಕ್ಕೆ 40 ಲೀಟರ್ ಎಂದು ಲೆಕ್ಕ ಹಾಕಿ, 6.7ರಿಂದ ಗುಣಿಸಿ: 268 ಲೀಟರ್. 11 ಲೀಟರಿನ ಸಿಲಿಂಡರ್‌ನಲ್ಲಿರುವ 2,200 ಲೀಟರ್ ತಳದಲ್ಲೇ ಇದ್ದರೆ ಎಂಟು ನಿಮಿಷದಲ್ಲಿ ಖಾಲಿ. ಆದ್ದರಿಂದ ತಳದ ಸಮಯ ನಿರ್ಧರಿಸುವುದು ರೀಬ್ರೀದರ್ ಅಲ್ಲ, ನೀವು ಒಯ್ಯುವ ಬೇಲ್‌ಔಟ್. ಆಳಕ್ಕೆ ನಾನು 18/50 ತುಂಬಿಸುತ್ತೇನೆ: ಆಮ್ಲಜನಕ 1.2, ಸಾಂದ್ರತೆ 5.0. ಇನ್ನೊಂದರಲ್ಲಿ ನೈಟ್ರಾಕ್ಸ್ 50 (ಶೇ 50 ಆಮ್ಲಜನಕ, ಉಳಿದದ್ದು ಸಾರಜನಕ), ಅದನ್ನು 21 ಮೀಟರ್‌ಗಿಂತ ಕೆಳಗೆ ಬಾಯಿಗಿಡಬೇಡಿ. ಹಣ ಉಳಿಸಲು ಆಳದ ಸಿಲಿಂಡರ್‌ಗೆ ಗಾಳಿ ತುಂಬುವವರಿದ್ದಾರೆ. ದಪ್ಪ ಅನಿಲದಿಂದ ಸೋತು ಬಂದವನ ಕೈಗೆ ಇನ್ನೂ ದಪ್ಪ ಅನಿಲ ಕೊಟ್ಟಂತೆ ಅದು. ಹೀಲಿಯಂನಿಂದ ಸಾರಜನಕಕ್ಕೆ ಆಳದಲ್ಲಿ ಒಮ್ಮೆಲೇ ಹೊರಳಿದರೆ ಒಳಕಿವಿಗೂ ಪೆಟ್ಟಾಗಬಹುದು.

ಸಿಲಿಂಡರ್ ತುಂಬಿ ಬಂದ ಮೇಲೆ ಆಮ್ಲಜನಕ, ಹೀಲಿಯಂ ಎರಡನ್ನೂ ನೀವೇ ಅಳೆಯಿರಿ, ಅಂಟುಪಟ್ಟಿಯ ಮೇಲೆ ನಿಮ್ಮ ಕೈಯಾರೆ ಬರೆಯಿರಿ. ಈ ಅಂಕಿಗಳನ್ನೆಲ್ಲ ನಿಮಗೆ ಕಲಿಸಿದವರ ಜೊತೆ ಕುಳಿತು ಮತ್ತೊಮ್ಮೆ ಹಾಕಿ ನೋಡಿ.

ಪ್ರಶ್ನೆ (ಭಟ್ಕಳದಿಂದ): ಸರ್, ನಾನು ನೇತ್ರಾಣಿಯಲ್ಲಿ ಡೈವ್ ಮಾಡುತ್ತೇನೆ. ನನಗೂ ಹೀಲಿಯಂ ಬೇಕೇ?

ಉತ್ತರ: ಬೇಡ. 30 ಮೀಟರ್ ಒಳಗೆ ಗಾಳಿ ಅಥವಾ ನೈಟ್ರಾಕ್ಸ್ 32 ಚೆನ್ನಾಗಿದೆ. ನೈಟ್ರಾಕ್ಸ್ 32ರಲ್ಲಿ 33 ಮೀಟರ್ ದಾಟದಿದ್ದರೆ ಆಯಿತು.

ಪ್ರಶ್ನೆ (ಬೆಂಗಳೂರಿನಿಂದ): ಹೀಲಿಯಂ ಬದಲು ಹೈಡ್ರೋಜನ್ ಬಳಸಿದರು ಎಂದು ಓದಿದೆ. ನಿಜವೇ?

ಉತ್ತರ: ನಿಜ. 2018ರಲ್ಲಿ ಥಾಯ್ಲೆಂಡಿನ ಗುಹೆಯಿಂದ ಮಕ್ಕಳನ್ನು ಹೊರತರಲು ನೆರವಾದ ಅರಿವಳಿಕೆ ವೈದ್ಯ ರಿಚರ್ಡ್ ಹ್ಯಾರಿಸ್, 2023ರ ಫೆಬ್ರವರಿಯಲ್ಲಿ ನ್ಯೂಜಿಲೆಂಡಿನ ಪಿಯರ್ಸ್ ರಿಸರ್ಜೆನ್ಸ್ ಗುಹೆಯಲ್ಲಿ ರೀಬ್ರೀದರ್‌ಗೆ ಹೈಡ್ರೋಜನ್ ಸೇರಿಸಿ 230 ಮೀಟರ್ ಇಳಿದರು. ಹೈಡ್ರೋಜನ್ನಿನ ಸಾಂದ್ರತೆ ಹೀಲಿಯಂನ ಅರ್ಧದಷ್ಟೇ. ಅತಿ ಆಳದಲ್ಲಿ ಹೀಲಿಯಂ ಉಸಿರಾಡಿದಾಗ ಬರುವ ನಡುಕವನ್ನೂ ಅದು ತಗ್ಗಿಸಬಹುದು. ಆದರೆ ಆಮ್ಲಜನಕ ಸುಮಾರು ಶೇ 4 ದಾಟಿದರೆ ಸ್ಫೋಟದ ಅಪಾಯ. ನಮ್ಮ ಆಳಗಳಿಗೆ ಸಂಬಂಧಿಸಿದ್ದಲ್ಲ.

ಪ್ರಶ್ನೆ (ಮಾಲ್ಟಾದಿಂದ, ಎರಡು ವಾರದ ನಂತರ): ಸರ್, ಹೋಗಿಬಂದೆ. ಅಳೆದಾಗ ಮಿಶ್ರಣ ಸರಿಯಾಗಿತ್ತು. ಜಲಾಂತರ್ಗಾಮಿಯ ಗೋಪುರದ ಪಕ್ಕ ನಿಂತು ನೀವು ಹೇಳಿದಂತೆ ಲೂಪನ್ನು ತೊಳೆದೆ. ಎರಡು ಸಂವೇದಕಗಳು 1.0ಕ್ಕೆ ಇಳಿದವು, ಮೂರನೆಯದು 1.15ರಲ್ಲೇ ಉಳಿಯಿತು. ಡೈವ್ ಅಲ್ಲಿಗೇ ಮುಗಿಸಿ ಮೇಲೆ ಬಂದೆವು. ಸರಿಯಾಗಿ ಏಳು ನಿಮಿಷ ನೋಡಿದ್ದು. ಅಷ್ಟಕ್ಕೇ ತಿರುಗಿದ್ದು ತಪ್ಪಾಯಿತೇ?

ಉತ್ತರ: ಇಲ್ಲ, ಸರಿಯಾಗಿಯೇ ಮಾಡಿದಿರಿ, ಓದಿ ಮನಸ್ಸು ತುಂಬಿತು. ಗಾಳಿ ಅಥವಾ 18/45 ಇದ್ದಿದ್ದರೆ ಆ ಮೂರನೆಯ ಸಂವೇದಕ ಉಳಿದೆರಡರ ಜೊತೆ ಹೆಚ್ಚುಕಡಿಮೆ ಒಂದೇ ಅಂಕಿ ತೋರಿಸುತ್ತ ನಿಂತಿರುತ್ತಿತ್ತು. ಅದನ್ನು ತೆಗೆದು ಹೊಸದು ಹಾಕಿ. ಮುಂದಿನ ಡೈವ್‌ಗೆ ಮುಂಚೆ 6 ಮೀಟರ್‌ನಲ್ಲಿ ಶುದ್ಧ ಆಮ್ಲಜನಕದಿಂದ ಲೂಪನ್ನು ತೊಳೆದು, ಮೂರೂ 1.6ರ ಹತ್ತಿರ ಏರುತ್ತವೆಯೇ ಎಂದು ನೋಡಿಕೊಂಡು ಕೆಳಗೆ ಇಳಿಯಿರಿ.